ನಿಂತ ಕಾರೂ ಜೋಗಿಮಟ್ಟಿಯ ಇಳಿಜಾರೂ

ಹೊಳಲ್ಕೆರೆ, ಹೊಸದುರ್ಗದ ಸೀಮೆಯಲ್ಲಿ ಅಡಕೆ ತೆಂಗುಗಳ ಆದಾಯದಿಂದ ತಕ್ಕಮಟ್ಟಿಗೆ ಸ್ಥಿತಿವಂತರಾದವರ ಮನೆಗಳಲ್ಲಿ, ಹಿಂದೆ ಕಮಾನುಗಾಡಿ ನಿಲ್ಲುತ್ತಿದ್ದ ಕೊಟ್ಟಿಗೆಯ ಮಗ್ಗುಲಲ್ಲಿ, ಈಗ ಒಂದು ಮೋಟಾರು ಕಾರು ನಿಂತಿರುವುದು ಅಪೂರ್ವವಾದ ದೃಶ್ಯವೇನಲ್ಲ. ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಉದ್ಯೋಗದಲ್ಲಿರುವ ಮಗನು ತಾನು ಊರಿಗೆ ಬಂದಾಗ ಅನುಕೂಲವಾಗಲೆಂದು ಕೊಂಡಿರಿಸಿದ್ದು. ಅಥವಾ ಮನೆಯ ಯಜಮಾನರೇ ನಿವೃತ್ತಿಯ ಹಣದಲ್ಲಿ ಕೊಂಡು, ಸಂತೆಗೂ ಬ್ಯಾಂಕಿಗೂ ಸ್ಕೂಟರೇ ಸಾಕೆಂದು ನಿರ್ಧರಿಸಿ, ಮದುವೆ ಮುಂಜಿಗಳಿಗೆ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗೆ, ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬಿದ್ದಿತೆಂಬ ಸುದ್ದಿ ಬಂದ ದಿನಕ್ಕೆ ಎಂದು ಮೀಸಲಿಟ್ಟದ್ದು. (1933ರಲ್ಲಿ ಕೋಡಿ ಹರಿದ ಆ ಜಲಾಶಯ ಮತ್ತೆ ಹರಿದದ್ದು 2022ರಲ್ಲಿ, ಆ ಒಂದನ್ನೇ ನಂಬಿ ಕಾರನ್ನು ಹೊರಡಿಸುವವರಿಗೆ ಈ ಬರಹದಿಂದ ಯಾವ ಪ್ರಯೋಜನವೂ ಆಗಲಾರದು.) ಹೀಗೆ ಆರು ವಾರವೋ ಆರು ತಿಂಗಳೋ ನಿಂತ ಕಾರಿನ ಬಳಿಗೆ ಒಂದು ಮುಂಜಾನೆ ಹೋಗಿ, ಚಕ್ರದ ಕಿಂಡಿಗಳ ಮೂಲಕ ಒಳಗೆ ದೃಷ್ಟಿ ಹಾಯಿಸಿದರೆ, ಹಿಂದೆ ಥಳಥಳನೆ ಹೊಳೆಯುತ್ತಿದ್ದ ಬ್ರೇಕ್ ಡಿಸ್ಕು ಜಾಜಿನ ಬಣ್ಣವನ್ನು ತಾಳಿರುತ್ತದೆ. ಇದನ್ನು ಕಂಡು ಹೌಹಾರಿ ಹೊಸ ಡಿಸ್ಕಿಗೆ ಹಣ ತೆತ್ತವರೂ ಉಂಟು. ಕಂಡೂ ಕಾಣದಂತೆ ಗಾಡಿಯನ್ನೇರಿ ಘಟ್ಟಕ್ಕೆ ಹೊರಟವರೂ ಉಂಟು. ಒಂದಿಷ್ಟು ಎಣ್ಣೆ ಸವರಿದರೆ ಸರಿಹೋದೀತೆಂದು ಬಗೆದವರೂ ಉಂಟು. ಈ ಮೂವರಲ್ಲಿ ಮೊದಲನೆಯವರಿಗೆ ನಷ್ಟವಾದದ್ದು ದುಡ್ಡು ಮಾತ್ರ.

ಬಣ್ಣದಲ್ಲಿಯಷ್ಟೇ ಅಲ್ಲ, ಧಾತುವಿನಲ್ಲಿಯೂ ಆ ತುಕ್ಕು ಜಾಜಿಗೆ ಹತ್ತಿರದ ಬಂಧುವೇ. ಕಬ್ಬಿಣವು ಭೂಮಿಯ ಮೇಲೆ ಶುದ್ಧ ಲೋಹವಾಗಿ ದೊರೆಯುವುದು ಅತ್ಯಂತ ವಿರಳ; ಭೀಮಸಮುದ್ರದ ಸುತ್ತಣ ಗುಡ್ಡಗಳಲ್ಲಿ ಅದು ಆಮ್ಲಜನಕದೊಡನೆ ಕೂಡಿಕೊಂಡು, ಕೆಂಪು ಅದಿರಾಗಿ, ಯುಗಾಂತರಗಳಿಂದ ನೆಮ್ಮದಿಯಾಗಿ ಮಲಗಿದೆ. ಊದುಕುಲುಮೆಯ ಉರಿಯಲ್ಲಿ ಆ ಆಮ್ಲಜನಕವನ್ನು ಬಲಾತ್ಕಾರದಿಂದ ಅಗಲಿಸಿ ನಾವು ಲೋಹವನ್ನು ಪಡೆಯುತ್ತೇವೆ. ನೀರೂ ಗಾಳಿಯೂ ಏಕಕಾಲದಲ್ಲಿ ಸೋಂಕಿದೊಡನೆ ಆ ಲೋಹವು ತನ್ನ ಪೂರ್ವಸ್ಥಿತಿಗೆ ಮರಳಲು ಹವಣಿಸುತ್ತದೆ. ಇದಕ್ಕೆ ಮಳೆಯೇ ಸುರಿಯಬೇಕೆಂಬ ನಿಯಮವಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇಕಡಾ 60ರ ಆಸುಪಾಸನ್ನು ಮೀರಿತೆಂದರೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆಯೊಂದು ಲೋಹದ ಮೇಲೆ ನೆಲೆಸುತ್ತದೆ. ಆ ಪೊರೆಯಲ್ಲಿ ಕಬ್ಬಿಣವು ಒಂದೆಡೆ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತ, ಇನ್ನೊಂದೆಡೆ ಆಮ್ಲಜನಕವು ಅವನ್ನು ಸ್ವೀಕರಿಸುತ್ತ, ಅಸಂಖ್ಯಾತವಾದ ಪುಟ್ಟ ವಿದ್ಯುತ್ಕೋಶಗಳು ಕೆಲಸಕ್ಕೆ ತೊಡಗುತ್ತವೆ. ಅಲ್ಯೂಮಿನಿಯಮ್ಮಿನ ಮೇಲೆ ಹುಟ್ಟುವ ಆಕ್ಸೈಡು ಆ ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡು ಅದನ್ನೇ ಕಾಪಾಡುತ್ತದೆ. ಕಬ್ಬಿಣದ ತುಕ್ಕಾದರೋ ತಾನು ತಿಂದ ಲೋಹಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವ, ಸಡಿಲವಾದ, ರಂಧ್ರಮಯವಾದ ವಸ್ತುವಾದುದರಿಂದ, ಹೆಕ್ಕಳಿಕೆಯಾಗಿ ಎದ್ದು ಉದುರಿ, ಒಳಗಣ ಹೊಸ ಲೋಹವನ್ನು ಮತ್ತೆ ತೇವಕ್ಕೆ ಒಡ್ಡುತ್ತದೆ. ಚಿತ್ರದುರ್ಗ ಮಳೆ ಕಡಿಮೆಯಾದ ಜಿಲ್ಲೆಯೆಂಬುದು ನಿಜವೇ. ಆದರೆ ಮಾರ್ಗಶಿರ ಪುಷ್ಯ ಮಾಸಗಳ ಇಬ್ಬನಿಗೂ, ಜೋಗಿಮಟ್ಟಿಯ ತಪ್ಪಲಿಗೆ ಬೆಳಗಿನ ಹೊತ್ತು ಇಳಿದುಬರುವ ಮಂಜಿಗೂ ಈ ಕಾರ್ಯಕ್ಕೆ ಬೇಕಾದಷ್ಟು ತೇವವುಂಟು.

ಹಾಗಾದರೆ ತುಕ್ಕು ಹಿಡಿಯದ ಲೋಹದಿಂದಲೇ ಡಿಸ್ಕನ್ನು ಮಾಡಬಾರದೇಕೆ ಎಂದು ಓದುಗರು ಕೇಳಬಹುದು. ಮೋಟಾರ್‌ಸೈಕಲ್ಲುಗಳಿಗೆ ಹಾಗೆಯೇ ಮಾಡುತ್ತಾರೆ. ಅವುಗಳ ಡಿಸ್ಕು ಸಾಮಾನ್ಯವಾಗಿ ಸ್ಟೇನ್‌ಲೆಸ್ ಉಕ್ಕಿನದು, ಆದುದರಿಂದಲೇ ಅದೇ ಕೊಟ್ಟಿಗೆಯಲ್ಲಿ ನಿಂತ ಬೈಕಿನ ಡಿಸ್ಕು ಬೆಳ್ಳಗಿದ್ದು ಕಾರಿನದು ಕೆಂಪಗಾಗಿರುತ್ತದೆ. ಒಂದು ಟನ್ನು ತೂಗುವ ಕಾರನ್ನು ನಿಲ್ಲಿಸುವಾಗ ಹುಟ್ಟುವ ಶಾಖದ ಪ್ರಮಾಣವೇ ಬೇರೆ. ಆ ಶಾಖವನ್ನು ಬೇಗನೆ ಹೀರಿ ಹರಡಿಸತಕ್ಕ, ಕಂಪನವನ್ನು ತನ್ನಲ್ಲಿಯೇ ಅಡಗಿಸಿಕೊಳ್ಳತಕ್ಕ, ಅಗ್ಗವಾಗಿಯೂ ಇರತಕ್ಕ ವಸ್ತುವೆಂದರೆ ಬೂದು ಬೀಡುಕಬ್ಬಿಣ. ಅದರಲ್ಲಿ ಶೇಕಡಾ 3ಕ್ಕಿಂತ ಹೆಚ್ಚಾಗಿರುವ ಇಂಗಾಲವು ಗ್ರಾಫೈಟಿನ ಚಕ್ಕೆಗಳಾಗಿ ಹರಡಿಕೊಂಡು ಈ ಗುಣಗಳನ್ನು ಕೊಡುತ್ತದೆ. ಸ್ಟೇನ್‌ಲೆಸ್ ಉಕ್ಕು ಶಾಖವನ್ನು ಸಾಗಿಸುವುದರಲ್ಲಿ ಬಹಳ ಹಿಂದೆ. ಕೊಡಚಾದ್ರಿಯ ಆದಿಮೂಕಾಂಬಿಕೆಯ ಸನ್ನಿಧಿಯಲ್ಲಿ ಮಲೆನಾಡಿನ ಮಳೆಗೆ ಮೈಯೊಡ್ಡಿ ನಿಂತಿರುವ ಕಬ್ಬಿಣದ ಕಂಬವನ್ನು ಕಂಡವರು, ನಮ್ಮ ಪೂರ್ವಿಕರ ಕಬ್ಬಿಣವೇ ಮೇಲಾಗಿತ್ತೆಂದು ಹೇಳುವುದುಂಟು. ಅಂಥದೇ ಆದ ದೆಹಲಿಯ ಮೆಹ್ರೌಲಿಯ ಕಬ್ಬಿಣದ ಕಂಬದ ಬಾಳಿಕೆಗೆ ಅದರಲ್ಲಿರುವ ರಂಜಕದ ಅಂಶವೇ ಮುಖ್ಯ ಕಾರಣವೆಂದು ಕಾನ್ಪುರದ ಐ.ಐ.ಟಿ.ಯ ಆರ್. ಬಾಲಸುಬ್ರಹ್ಮಣ್ಯಂ ಅವರು ವಿವರಿಸಿದ್ದಾರೆ. ಆದರೆ ಕಂಬದ ಕೆಲಸ ನಿಲ್ಲುವುದು, ಡಿಸ್ಕಿನ ಕೆಲಸ ತಿರುಗಿ ಸವೆಯುವುದು. ಕಂಬದ ಮೇಲೆ ಶತಮಾನಗಳಲ್ಲಿ ಬೆಳೆದ ರಕ್ಷಣೆಯ ಪೊರೆಯನ್ನು ಬ್ರೇಕಿನ ಮೊದಲ ಒತ್ತೇ ಕೆರೆದುಹಾಕುತ್ತದೆ.

ಈ ಕೆರೆಯುವಿಕೆಯಲ್ಲಿಯೇ ನಮಗೆ ಸಮಾಧಾನವೂ ಇದೆ. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರನು 1902ರಲ್ಲಿ ಪೇಟೆಂಟು ಪಡೆದ, 1953ರ ಲ ಮಾನ್ ಪಂದ್ಯದಲ್ಲಿ ಜಾಗ್ವಾರ್ ಕಾರುಗಳ ಗೆಲುವಿನಿಂದ ಲೋಕದ ಕಣ್ಣಿಗೆ ಬಿದ್ದ ಈ ಡಿಸ್ಕ್ ಬ್ರೇಕು, ಹಳೆಯ ಡ್ರಮ್ಮಿನಂತೆ ಮುಚ್ಚಿದ ಡಬ್ಬಿಯಲ್ಲದೆ ಬಯಲಿಗೆ ತೆರೆದ ತಟ್ಟೆಯಾದುದರಿಂದ ಬೇಗ ತಣಿಯುತ್ತದೆ, ನೀರನ್ನು ಬೇಗ ಚಿಮ್ಮಿಹಾಕುತ್ತದೆ; ಅದೇ ತೆರವಿನಿಂದಾಗಿ ಗಾಳಿಯ ತೇವಕ್ಕೂ ಮುಕ್ತವಾಗಿರುತ್ತದೆ. ಸಂಜೆ ಕಾರನ್ನು ತೊಳೆದು ನಿಲ್ಲಿಸಿದವರು ಮರುದಿನ ಬೆಳಗ್ಗೆಯೇ ಡಿಸ್ಕಿನ ಮೇಲೆ ಕಿತ್ತಳೆಯ ಛಾಯೆಯನ್ನು ಕಾಣಬಹುದು. ಬೀದಿಯ ತುದಿಯವರೆಗೆ ಹೋಗಿ ನಾಲ್ಕಾರು ಸಲ ಬ್ರೇಕನ್ನು ಒತ್ತಿದರೆ, ಸ್ವಲ್ಪ ಕರಕರ ಶಬ್ದದೊಡನೆ, ಪ್ಯಾಡುಗಳು ಅದನ್ನು ಒರಸಿ ತೆಗೆಯುತ್ತವೆ. ಇದು ರೋಗವಲ್ಲ, ಇದಕ್ಕಾಗಿ ಗ್ಯಾರೇಜಿಗೆ ಹೋಗಬೇಕಾಗಿಲ್ಲ. ಪ್ಯಾಡು ಮುಟ್ಟದ ಭಾಗಗಳಾದ ಡಿಸ್ಕಿನ ಹೊರ ಅಂಚೂ, ಚಕ್ರಕ್ಕೆ ಬೋಲ್ಟಾಗುವ ನಡುವಣ ಟೋಪಿಯೂ ಸದಾ ಕೆಂಪಗಿದ್ದರೆ ಅದೂ ದೋಷವಲ್ಲ.

ದೋಷವು ಆರಂಭವಾಗುವುದು ಪ್ಯಾಡಿನ ನೆರಳಿನಲ್ಲಿ. ಕಾರು ನಿಂತಾಗ ಡಿಸ್ಕಿನ ಒಂದು ಭಾಗ ಎರಡು ಪ್ಯಾಡುಗಳ ನಡುವೆ ಸಿಲುಕಿರುತ್ತದೆ. ಉಳಿದ ಭಾಗ ಬಿಸಿಲಿಗೆ ಗಾಳಿಗೆ ಒಣಗಿದರೂ, ಆ ಸಂದಿಯಲ್ಲಿ ಸೇರಿದ ತೇವ ಹೊರಬರಲಾರದು. ಪ್ಯಾಡಿನ ದ್ರವ್ಯವು ಸೂಕ್ಷ್ಮ ರಂಧ್ರಗಳಿಂದ ಕೂಡಿ ನೀರನ್ನು ಹಿಡಿದಿಟ್ಟುಕೊಳ್ಳುವಂಥದು, ಮತ್ತು ಅನೇಕ ಪ್ಯಾಡುಗಳಲ್ಲಿರುವ ಲೋಹದ ಎಳೆಗಳು ತೇವದೊಡನೆ ಸೇರಿ ಆ ವಿದ್ಯುತ್ಕೋಶಗಳಿಗೆ ಇನ್ನಷ್ಟು ಚುರುಕು ಕೊಡುತ್ತವೆ. ತಿಂಗಳುಗಳು ಕಳೆದ ಮೇಲೆ ಚಕ್ರವನ್ನು ಬಿಚ್ಚಿ ನೋಡಿದರೆ, ಡಿಸ್ಕಿನ ಮೇಲೆ ಪ್ಯಾಡಿನದೇ ಆಕಾರದ ಒಂದು ಕಪ್ಪುಗೆಂಪು ಮುದ್ರೆ ಸ್ಪಷ್ಟವಾಗಿ ಅಚ್ಚೊತ್ತಿರುತ್ತದೆ. ಕೆಲವೊಮ್ಮೆ ಪ್ಯಾಡೇ ತುಕ್ಕಿನಿಂದ ಡಿಸ್ಕಿಗೆ ಅಂಟಿಕೊಂಡು, ಕಾರನ್ನು ಕದಲಿಸಿದಾಗ ಟಪ್ಪೆಂದು ಬಿಟ್ಟುಕೊಳ್ಳುತ್ತದೆ, ಬಿಡುವಾಗ ತನ್ನ ಮೈಯ ಒಂದು ಪದರವನ್ನು ಅಲ್ಲಿಯೇ ಬಿಟ್ಟಿರುತ್ತದೆ. ಈ ಮುದ್ರೆ ಆಳವಿಲ್ಲದಿದ್ದರೆ ಕೆಲವು ಮೈಲಿಗಳ ಓಟದಲ್ಲಿ ಅಳಿಸಿಹೋಗುತ್ತದೆ. ಆಳವಾಗಿದ್ದರೆ, ಚಕ್ರದ ಒಂದೊಂದು ಸುತ್ತಿಗೂ ಆ ಭಾಗವು ಪ್ಯಾಡಿನ ಕೆಳಗೆ ಬಂದಾಗ ಬ್ರೇಕಿನ ಹಿಡಿತವು ಒಮ್ಮೆ ಹೆಚ್ಚಿ ಒಮ್ಮೆ ತಗ್ಗಿ, ಪೆಡಲು ಕಾಲಿನ ಕೆಳಗೆ ಮಿಡಿಯತೊಡಗುತ್ತದೆ, ಸ್ಟೇರಿಂಗು ಕೈಯಲ್ಲಿ ನಡುಗುತ್ತದೆ. ಡಿಸ್ಕಿನ ದಪ್ಪದಲ್ಲಿ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ಏರುಪೇರಾದರೂ ಈ ನಡುಕಕ್ಕೆ ಸಾಕಾಗುತ್ತದೆಂಬುದನ್ನು ನೆನೆದರೆ, ಕಣ್ಣಿಗೆ ಸಪಾಟಾಗಿ ಕಾಣುವ ಡಿಸ್ಕನ್ನು ಮೇಸ್ತ್ರಿಗಳು ಅಳತೆಯ ಉಪಕರಣವಿಟ್ಟು ಏಕೆ ಪರೀಕ್ಷಿಸಬೇಕೆಂಬುದು ತಿಳಿಯುತ್ತದೆ. ಹೊರಗಿನಿಂದ ಇಣುಕಿದಾಗ ಕಾಣುವುದು ಡಿಸ್ಕಿನ ಹೊರಮೈ ಮಾತ್ರ; ಒಳಮೈ ಹೆಚ್ಚು ಕೆಟ್ಟಿರುವ ಸಂದರ್ಭಗಳು ಅನೇಕ.

ಡಿಸ್ಕಿಗಿಂತಲೂ ಹೆಚ್ಚು ಗಮನಕ್ಕೆ ಅರ್ಹವಾದದ್ದು ಅದನ್ನು ಹಿಡಿಯುವ ಕ್ಯಾಲಿಪರು ಎಂಬುದು ನನ್ನ ಅಭಿಪ್ರಾಯ. ಸಣ್ಣ ಕಾರುಗಳಲ್ಲಿ ಕ್ಯಾಲಿಪರು ಎರಡು ಪಿನ್ನುಗಳ ಮೇಲೆ ಅತ್ತಿತ್ತ ಸರಿದಾಡುತ್ತ ಎರಡು ಪ್ಯಾಡುಗಳನ್ನೂ ಸಮನಾಗಿ ಒತ್ತುತ್ತದೆ. ಆ ಪಿನ್ನುಗಳ ಗ್ರೀಸು ಒಣಗಿಯೋ, ರಬ್ಬರು ಹರಿದು ತೇವ ಹೊಕ್ಕೋ ಅವು ಬಿಗಿದುಕೊಂಡರೆ, ಒಂದು ಪ್ಯಾಡು ಮಾತ್ರ ದುಡಿಯುತ್ತದೆ, ಅಥವಾ ಬ್ರೇಕಿನಿಂದ ಕಾಲು ತೆಗೆದ ಮೇಲೂ ಪ್ಯಾಡು ಡಿಸ್ಕನ್ನು ಬಿಡದೆ ಉಜ್ಜುತ್ತಲೇ ಇರುತ್ತದೆ. ಡಿಸ್ಕನ್ನು ಬದಲಾಯಿಸಿ ಪಿನ್ನುಗಳನ್ನು ಹಾಗೆಯೇ ಬಿಟ್ಟರೆ ಹೊಸ ಡಿಸ್ಕೂ ಹಳೆಯದರ ಗತಿಯನ್ನೇ ಕಾಣುತ್ತದೆ.

ಹಿಂದಿನ ಚಕ್ರಗಳ ಕಥೆ ಬೇರೆ. ನಮ್ಮ ಬಹುಪಾಲು ಸಣ್ಣ ಕಾರುಗಳಿಗೆ ಹಿಂದೆ ಇಂದಿಗೂ ಡ್ರಮ್ಮೇ ಇದ್ದು, ಹ್ಯಾಂಡ್‌ಬ್ರೇಕು ಅದನ್ನೇ ಬಿಗಿಯುತ್ತದೆ. ಹ್ಯಾಂಡ್‌ಬ್ರೇಕನ್ನೆಳೆದು ತಿಂಗಳುಗಟ್ಟಲೆ ನಿಲ್ಲಿಸಿದರೆ ಲೈನರು ಡ್ರಮ್ಮಿಗೆ ತುಕ್ಕಿನಿಂದ ಬೆಸೆದುಕೊಳ್ಳುತ್ತದೆ. ಗ್ಯಾರೇಜಿನ ಮಾತಿನಲ್ಲಿ ಬ್ರೇಕು ಜಾಮಾಗುತ್ತದೆ. ಲಾರಿಗಳಿಗಂತೂ ಈ ಕಷ್ಟ ಚಿರಪರಿಚಿತ. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಬೆನ್ನಿಗೇ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿಯೂ ಗಣಿಗಾರಿಕೆಯನ್ನು ತಡೆದಾಗ, ಅದಿರನ್ನು ಹೊರುತ್ತಿದ್ದ ಲಾರಿಗಳು ಕೆಲಸವಿಲ್ಲದೆ ನಿಂತವು. ಅದಿರು ಕಬ್ಬಿಣವಾಗುವುದು ನಿಂತ ಆ ದಿನಗಳಲ್ಲಿ ಕಬ್ಬಿಣವು ಅದಿರಾಗುವ ಕಾರ್ಯ ಮಾತ್ರ ಆ ಡ್ರಮ್ಮುಗಳೊಳಗೆ ಅವಿಚ್ಛಿನ್ನವಾಗಿ ನಡೆದಿರಬೇಕು. 2020ರ ಮಾರ್ಚಿನ ಲಾಕ್‌ಡೌನು ಇದೇ ಪಾಠವನ್ನು ಕಾರಿನವರಿಗೂ ಕಲಿಸಿತು. ಜಾಮಾದ ಡ್ರಮ್ಮನ್ನು ಎಂಜಿನ್ನಿನ ಬಲದಿಂದ ಎಳೆದುಕೊಂಡು ಹೋಗಲೆಣಿಸುವುದು ಅವಿವೇಕ. ಲೈನರು ತನ್ನ ಷೂವಿನಿಂದಲೇ ಕಿತ್ತುಬಂದೀತು. ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ ಕದಲಿಸಿ ನೋಡುವುದು, ಆಗದಿದ್ದರೆ ಚಕ್ರ ಬಿಚ್ಚಿ ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ತಟ್ಟಿಸುವುದು ವಿಹಿತ. ಒಳಗಣ ಧೂಳನ್ನು ಬಾಯಿಂದ ಊದಬಾರದು, ಗಾಳಿಯ ಪೈಪನ್ನೂ ಹಿಡಿಯಬಾರದು; ಹಳೆಯ ಲೈನರುಗಳಲ್ಲಿ ಕಲ್ನಾರು ಇರುವ ಸಂಭವವುಂಟು.

ಇನ್ನು ಕೆಂಪಾದ ಡಿಸ್ಕಿನ ಚಿಕಿತ್ಸೆ. ಎಂಜಿನ್ ಚಾಲೂ ಮಾಡಿದ ಮೇಲೆ, ಕಾರು ಕದಲುವ ಮೊದಲೇ ಪೆಡಲನ್ನು ಒತ್ತಿ ಹಿಡಿಯಬೇಕು. ಅದು ಗಟ್ಟಿಯಾಗಿ ನಿಲ್ಲದೆ ಕೆಳಕ್ಕೆ ಇಳಿಯುತ್ತ ಹೋದರೆ ಅಂದಿನ ಪ್ರಯಾಣವನ್ನು ಅಲ್ಲಿಗೇ ಕೈಬಿಡತಕ್ಕದ್ದು. ಗಟ್ಟಿಯಾಗಿದ್ದರೆ, ಜನಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ ಮೊದಲು ನಡಿಗೆಯ ವೇಗದಲ್ಲಿ ಒಂದೆರಡು ಸಲ ನಿಲ್ಲಿಸಿ ನೋಡಿ, ಅನಂತರ ಗಂಟೆಗೆ 40-50 ಕಿಲೋಮೀಟರಿನ ವೇಗದಿಂದ 15-20ಕ್ಕೆ ಇಳಿಯುವಂತೆ ಮಿತವಾದ ಒತ್ತಡದಲ್ಲಿ ಹತ್ತಾರು ಸಲ ಬ್ರೇಕು ಹಾಕುತ್ತ, ನಡುನಡುವೆ ತಣಿಯಲು ಬಿಡುತ್ತ ಸಾಗಬೇಕು. ಹಿಂದೆ ಯಾರೂ ಬರುತ್ತಿಲ್ಲವೆಂಬುದನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ. ಹೀಗೆ ಹತ್ತಿಪ್ಪತ್ತು ಕಿಲೋಮೀಟರು ಓಡಿದ ಮೇಲೂ ಮಿಡಿತವೋ ಕರಕರವೋ ಉಳಿದಿದ್ದರೆ, ಅಥವಾ ಕಾರು ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ, ಚಕ್ರವನ್ನು ಬಿಚ್ಚಿಸತಕ್ಕದ್ದೇ. ಕುಳಿಗಳು ಹೆಚ್ಚು ಆಳವಿಲ್ಲದಿದ್ದರೆ ಲೇತಿಗೆ ಹಾಕಿ ಸ್ಕಿಮ್ಮಿಂಗ್ ಮಾಡಿಸಬಹುದು; ಆದರೆ ಎಷ್ಟು ತೆಳುವಾಗುವವರೆಗೆ ಬಳಸಬಹುದೆಂಬ ಅಳತೆ ಡಿಸ್ಕಿನ ಮೇಲೆಯೇ ಸಾಮಾನ್ಯವಾಗಿ ಕೆತ್ತಿರುತ್ತದೆ, ಅದಕ್ಕಿಂತ ಕೆಳಗಿಳಿದ ಡಿಸ್ಕು ಗುಜರಿಗೆ ಸೇರಬೇಕಾದದ್ದು. ಬದಲಾಯಿಸುವುದಾದರೆ ಎಡಬಲದ ಎರಡನ್ನೂ, ಹೊಸ ಪ್ಯಾಡುಗಳೊಡನೆ, ಒಟ್ಟಿಗೆ ಬದಲಾಯಿಸಬೇಕು. ಹಬ್ಬಿನ ಮುಖದ ಮೇಲಣ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯದೆ ಹೊಸ ಡಿಸ್ಕನ್ನು ಕೂರಿಸಿದರೆ ಅದು ಓರೆಯಾಗಿ ತಿರುಗಿ, ಕೊಟ್ಟ ಹಣವೆಲ್ಲ ವ್ಯರ್ಥವಾಗುತ್ತದೆ. ಅವಸರದ ಕೆಲಸಗಾರರು ಬಿಟ್ಟುಬಿಡುವುದು ಇದನ್ನೇ.

ಎಣ್ಣೆಯ ವಿಚಾರ ಬಂದಿತ್ತಲ್ಲವೇ. ಉಳುಮೆ ಮುಗಿದ ಮೇಲೆ ನೇಗಿಲಿನ ಕುಳಕ್ಕೆ ಎಣ್ಣೆ ಸವರಿ ಅಟ್ಟದಲ್ಲಿಡುವ ರೈತನ ಕೈ, ಅದೇ ಅಭ್ಯಾಸದಿಂದ, ಡಿಸ್ಕಿನ ಕಡೆಗೂ ಚಾಚುವುದು ಸಹಜ. ಆದರೆ ಕುಳದ ಕೆಲಸ ಜಾರುತ್ತ ಹೋಗುವುದು, ಡಿಸ್ಕಿನ ಕೆಲಸ ಜಾರದಂತೆ ಹಿಡಿಯುವುದು. ಎಣ್ಣೆಯಾಗಲಿ ಗ್ರೀಸಾಗಲಿ ಸೀಮೆಎಣ್ಣೆಯಾಗಲಿ ಡೀಸೆಲ್ಲಾಗಲಿ, ತುಕ್ಕು ಬಿಡಿಸುವುದೆಂದು ಅಂಗಡಿಯಲ್ಲಿ ಮಾರುವ ಸ್ಪ್ರೇಯಾಗಲಿ ಡಿಸ್ಕಿಗೆ ತಗುಲಿದರೆ ಪ್ಯಾಡು ಅದನ್ನು ಹೀರಿಕೊಂಡು ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ, ಮತ್ತು ಹಾಗೆ ನೆನೆದ ಪ್ಯಾಡನ್ನು ಶುದ್ಧಿ ಮಾಡುವ ಭರವಸೆಯ ಉಪಾಯವಿಲ್ಲ. ಹಿತ್ತಾಳೆಯ ಪಾತ್ರೆಗೆ ಯೋಗ್ಯವಾದ ಹುಣಿಸೆಹಣ್ಣು ಇಲ್ಲಿ ಬೇಡ.

ನಿಲ್ಲಿಸುವ ಜಾಗವೂ ವಿಚಾರಾರ್ಹ. ಮಂಗಳೂರು, ಕಾಸರಗೋಡಿನ ಕಡೆ, ಗಲ್ಫಿಗೆ ಹೋದವರ ಕಾರು ಮುಂಗಾರಿನ ನಾಲ್ಕು ತಿಂಗಳು ಉಪ್ಪುಗಾಳಿಯಲ್ಲಿ ನಿಂತು ಕಾಣುವ ದುರವಸ್ಥೆಯನ್ನು ನಮ್ಮ ಬಯಲುಸೀಮೆಯ ಕಾರು ಕಾಣಲಾರದು. ನಾವೇ ಉಪ್ಪನ್ನು ತಂದು ಪಕ್ಕದಲ್ಲಿರಿಸದಿದ್ದರೆ. ತೋಟಕ್ಕೆಂದು ತಂದ ಪೊಟ್ಯಾಷ್ ಗೊಬ್ಬರವು ರಾಸಾಯನಿಕವಾಗಿ ಒಂದು ಕ್ಲೋರೈಡು, ಅಡುಗೆಯ ಉಪ್ಪಿನ ಸಹೋದರ. ಬಾಯಿ ಬಿಚ್ಚಿದ ಅದರ ಚೀಲವನ್ನು ಕಾರಿನ ಚಕ್ರಕ್ಕೆ ಒರಗಿಸಿಡುವುದೆಂದರೆ ಕಡಲಗಾಳಿಯನ್ನು ಹೊಳಲ್ಕೆರೆಗೆ ಕರೆಸಿಕೊಂಡಂತೆಯೇ. ಪ್ಲಾಸ್ಟಿಕ್ ಟಾರ್ಪಾಲನ್ನು ನೆಲಮಟ್ಟದವರೆಗೆ ಹೊದಿಸಿ ಬಿಗಿಯುವುದೂ ಹಾಗೆಯೇ, ನೆಲದ ತೇವ ಒಳಗೇ ಉಳಿಯುತ್ತದೆ. ತೊಳೆದ ಕಾರನ್ನು ಒಂದು ಸುತ್ತು ಓಡಿಸಿ ಡಿಸ್ಕನ್ನು ಒಣಗಿಸಿಯೇ ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕನ್ನೆಳೆಯದೆ, ಸಮನೆಲದಲ್ಲಿ, ಗೇರಿನಲ್ಲಿಟ್ಟು, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ನಿಂತಲ್ಲಿಯೇ ಎಂಜಿನ್ನನ್ನು ಗುರುಗುಟ್ಟಿಸಿ ಆರಿಸುವವರಿಗೆ ಬ್ಯಾಟರಿಯ ವಿಷಯದಲ್ಲಿ ಏನಾದರೂ ತೃಪ್ತಿ ದೊರೆತೀತು, ಬ್ರೇಕಿಗೆ ಅದರಿಂದ ಏನೂ ದೊರೆಯದು. ಹದಿನೈದು ದಿನಕ್ಕೊಮ್ಮೆ ಹದಿನೈದಿಪ್ಪತ್ತು ಕಿಲೋಮೀಟರು ಓಡಿಸುವುದೇ ಸರಿಯಾದ ಪಥ್ಯ. ವಿಚಿತ್ರವೆಂದರೆ, ಪ್ರತಿದಿನ ಓಡುವ ವಿದ್ಯುತ್ ಕಾರುಗಳಿಗೂ ಈ ತೊಂದರೆ ಬಂದಿದೆ. ವೇಗ ತಗ್ಗಿಸುವ ಕೆಲಸದ ಬಹುಭಾಗವನ್ನು ಮೋಟಾರೇ ನಿರ್ವಹಿಸಿ ಆ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುವುದರಿಂದ ಡಿಸ್ಕಿಗೆ ಉಜ್ಜುವಿಕೆಯೇ ಇಲ್ಲದಂತಾಗಿ, ಫೋಕ್ಸ್‌ವ್ಯಾಗನ್ ಸಂಸ್ಥೆಯು ತನ್ನ ಐ.ಡಿ.3 ಎಂಬ ವಿದ್ಯುತ್ ಕಾರಿನ ಹಿಂದಿನ ಚಕ್ರಗಳಿಗೆ ಮುಚ್ಚಿದ ಡ್ರಮ್ಮನ್ನೇ ಮರಳಿ ಅಳವಡಿಸಿತು.

ಊರಿಗೆ ಬಂದ ಮಕ್ಕಳು ಮೊಮ್ಮಕ್ಕಳೊಡನೆ ಆ ಕಾರನ್ನು ಹೊರಗೆ ತೆಗೆಯುವುದು ಸಾಮಾನ್ಯವಾಗಿ ಒಂದು ಭಾನುವಾರ, ಮತ್ತು ಚಿತ್ರದುರ್ಗದ ಸುತ್ತಿನವರು ಭಾನುವಾರ ಹೋಗುವ ಜಾಗಗಳಲ್ಲಿ ಜೋಗಿಮಟ್ಟಿಯೂ ಒಂದು. ಹಿಮವತ್ಕೇದಾರದ ತಂಪೂ, ಶಿಖರದ ಗಾಳಿಯೂ, ಗುಡ್ಡದ ನೆತ್ತಿಗಳಲ್ಲಿ ಸಾಲಾಗಿ ತಿರುಗುವ ಗಾಳಿಯಂತ್ರಗಳ ನೋಟವೂ ಹೋಗಿಬರತಕ್ಕವೇ. ಆದರೆ ಹತ್ತುವಾಗ ಬ್ರೇಕಿಗೆ ಕೆಲಸವಿಲ್ಲ. ದೋಷವಿದ್ದರೆ ಅದು ತಿಳಿಯುವುದು ಇಳಿಯುವಾಗ, ಕಿರಿದಾದ ತಿರುವಿನಲ್ಲಿ, ಕಾರು ತುಂಬಿರುವಾಗ. ಒಂದು ಸಾವಿರ ಕಿಲೋಗ್ರಾಮಿನ ಕಾರು 100 ಮೀಟರು ಎತ್ತರವನ್ನು ಇಳಿದರೆ ಸುಮಾರು ಹತ್ತು ಲಕ್ಷ ಜೂಲುಗಳಷ್ಟು ಶಕ್ತಿ ಎಲ್ಲಿಗಾದರೂ ಹೋಗಬೇಕು. ಮೂರು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅದು ಸಾಕು. ಎರಡನೆಯ ಗೇರಿನಲ್ಲಿಳಿದರೆ ಅದರ ದೊಡ್ಡ ಪಾಲನ್ನು ಎಂಜಿನ್ನು ತಾನೇ ವಹಿಸಿಕೊಳ್ಳುತ್ತದೆ. ನ್ಯೂಟ್ರಲ್ಲಿನಲ್ಲಿ ಜಾರಿಬಿಟ್ಟರೆ ಬಹುಪಾಲು ಡಿಸ್ಕು ಪ್ಯಾಡುಗಳ ಪಾಲಾಗಿ, ಅಲ್ಲಿಂದ ಬ್ರೇಕ್ ಆಯಿಲಿಗೆ ತಲಪುತ್ತದೆ. ಈ ಆಯಿಲು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ದರ್ಜೆಯದು ಹೊಸದಾಗಿದ್ದಾಗ 205 ಡಿಗ್ರಿ ಸೆಲ್ಸಿಯಸ್ಸಿನವರೆಗಾದರೂ ಕುದಿಯದಿರಬೇಕೆಂಬ ನಿಯಮವಿದ್ದರೆ, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಕನಿಷ್ಠ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಅವು 230 ಮತ್ತು 155. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳೆದ್ದು ಪೆಡಲು ಪೊಳ್ಳಾಗಿ ನೆಲಕ್ಕೆ ಮುಟ್ಟುತ್ತದೆ. ಕಾರು ಓಡದಿದ್ದರೂ ಆಯಿಲು ಪಂಚಾಂಗದ ಲೆಕ್ಕದಲ್ಲಿ ಮುಪ್ಪಾಗುತ್ತದೆಯಾದುದರಿಂದ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕೆಂಬ ವಿಧಿ ಹೆಚ್ಚು ಓಡದ ಕಾರಿನವರಿಗೇ ಹೆಚ್ಚಾಗಿ ಅನ್ವಯಿಸುತ್ತದೆ, ಮತ್ತು ಅವರೇ ಅದನ್ನು ಹೆಚ್ಚಾಗಿ ಮರೆಯುತ್ತಾರೆ.

ಇಳಿದು ಬಂದು ಆಡುಮಲ್ಲೇಶ್ವರದ ಬಳಿ ಮಕ್ಕಳಿಗೆ ಕಿರುಮೃಗಾಲಯವನ್ನು ತೋರಿಸಲು ಕಾರನ್ನು ನಿಲ್ಲಿಸಿದಾಗ, ಮುಂದಿನ ಎರಡು ಚಕ್ರಗಳ ಬಳಿಗೆ ಒಂದೊಂದಾಗಿ ಅಂಗೈಯನ್ನು ಒಯ್ದು, ಮುಟ್ಟದೆಯೇ, ಅವುಗಳ ಕಾವನ್ನು ನೋಡಿಕೊಳ್ಳಬಹುದು. ಎರಡೂ ಸಮನಾಗಿ ಬಿಸಿಯಾಗಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಇನ್ನೊಂದಕ್ಕಿಂತ ಬಹಳ ಹೆಚ್ಚು ಕಾದು, ಸುಟ್ಟ ವಾಸನೆಯನ್ನೂ ಬೀರುತ್ತಿದ್ದರೆ, ಬಹುಶಃ ಆ ಬದಿಯ ಕ್ಯಾಲಿಪರು ಬಿಗಿದುಕೊಂಡಿರಬೇಕು, ಇಲ್ಲವೇ ತಣ್ಣಗಿರುವ ಬದಿಯದು ಕೆಲಸವನ್ನೇ ಮಾಡುತ್ತಿರಲಾರದು. ಕಾದ ಡಿಸ್ಕಿಗೆ ನೀರು ಸುರಿಯಬಾರದು, ಬೀಡುಕಬ್ಬಿಣ ಬಿರುಕು ಬಿಟ್ಟೀತು. ಅರ್ಧ ಗಂಟೆ ತಾನಾಗಿ ತಣಿಯಲು ಬಿಟ್ಟು, ನಿಧಾನವಾಗಿ ಊರೊಳಗಣ ಗ್ಯಾರೇಜಿಗೆ ಹೋಗಿ, ಕ್ಯಾಲಿಪರಿನ ಆ ಎರಡು ಪಿನ್ನುಗಳನ್ನು ಕಳಚಿ ನೋಡಲು ಮೇಸ್ತ್ರಿಗೆ ಹೇಳತಕ್ಕದ್ದು.